ಸಿಲಿಕೋನ್ ಲ್ಯೂಬ್ರಿಕೆಂಟ್ ಕೊಳ್ಳೋ ಮುಂಚೆ: ಬಾಟಲಿಯ ಮುಂಭಾಗ ಬಿಡಿ, ಹಿಂಭಾಗ ಓದಿ

ಇವತ್ತಿನ ವಿಡಿಯೋನ ಇಯರ್‌ಫೋನ್ ಹಾಕ್ಕೊಂಡು ನೋಡಿ ಅಂತ ಶುರುವಿನಲ್ಲೇ ಹೇಳಿದ್ದೆ. ಇಲ್ಲಿ ಓದೋರಿಗೆ ಆ ತೊಂದರೆ ಇಲ್ಲ. ಆದ್ರೂ ಆಫೀಸಿನ ಎರಡನೇ ಮಾನಿಟರ್ ಮೇಲೆ ತೆರೆದಿಟ್ಟಿದ್ರೆ, ಪಕ್ಕದ ಸೀಟಿನಲ್ಲಿ ಕನ್ನಡ ಓದೋರು ಇದ್ದಾರಾ ಅಂತ ಒಂದು ಸಲ ನೋಡ್ಕೊಳ್ಳಿ.

ವಿಷಯ ಏನಂದ್ರೆ, ಸಂಭೋಗದ ಹೊತ್ತಿನಲ್ಲಿ ಉರಿ, ನೋವು, ಒಣಗಿದ ಹಾಗೆ ಅನ್ನಿಸೋದು. ಇದಕ್ಕೆ ಬಳಸೋ ಲ್ಯೂಬ್ರಿಕೆಂಟ್‌ಗಳಲ್ಲಿ ಸಿಲಿಕೋನ್ ಅನ್ನೋ ಒಂದು ಬಗೆ ಇದೆ. ಅದನ್ನ ಯಾರು ತಗೋಬೇಕು, ಯಾರು ತಗೋಬಾರದು, ತಗೊಂಡ್ರೆ ಏನು ನೋಡಿ ತಗೋಬೇಕು, ಇಷ್ಟೇ ಇವತ್ತಿನ ಮಾತು.

ಇದನ್ನ ಯಾಕೆ ಮಾತಾಡ್ಬೇಕು? ಮದುವೆಯಾಗಿ ಸೀದಾ ಪುಣೆಗೋ ಹೈದರಾಬಾದಿಗೋ ಬಂದಿರೋ ಎಷ್ಟೋ ಹೆಣ್ಣುಮಕ್ಕಳಿಗೆ ಈ ನೋವು ಇರುತ್ತೆ. ಊರಲ್ಲಿದ್ದಿದ್ರೆ ಅಕ್ಕನ ಹತ್ರವೋ ಅತ್ತಿಗೆ ಹತ್ರವೋ ಅರ್ಧ ಮಾತಲ್ಲಾದ್ರೂ ಹೇಳ್ಕೋಬಹುದಿತ್ತು. ಇಲ್ಲಿ ಹಿಂಜವಡಿಯ ಫ್ಲ್ಯಾಟಿನಲ್ಲಿ ಯಾರಿಗೆ ಹೇಳೋದು? ಡಾಕ್ಟರ್ ಹತ್ರ ಹೋದ್ರೆ, ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಸರಾಗವಾಗಿ ಬರೋ ಹಿಂದಿ ಇಂಗ್ಲಿಷ್ ಎರಡೂ ಈ ವಿಷಯಕ್ಕೆ ಬಂದಾಗ ಬಾಯಿಂದ ಹೊರಡೋಲ್ಲ. ಫೋನಿನಲ್ಲಿ ಕೇಳಿದ್ರೆ "ಮೊದಮೊದಲು ಹಾಗೇನೇ, ಆಮೇಲೆ ಸರಿಹೋಗುತ್ತೆ" ಅನ್ನೋ ಉತ್ತರ. ಕೆಲವರಿಗೆ ಸರಿಹೋಗುತ್ತೆ. ಕೆಲವರು ಆರು ತಿಂಗಳು, ಎರಡು ವರ್ಷ ಹಲ್ಲು ಕಚ್ಚಿ ಸಹಿಸ್ತಾರೆ, ಆಮೇಲೆ ಗಂಡ ಹತ್ರ ಬಂದ್ರೇ ಮೈ ಬಿಗಿಯಾಗೋ ಹಂತಕ್ಕೆ ಹೋಗ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಇದು ಗಂಡಸರಿಗೆ. ಒಣಗಿದ ಹಾಗಿದೆ ಅಂದ್ರೆ ಅವಳಿಗೆ ಇಷ್ಟ ಇಲ್ಲ ಅಂತ ಅಂದ್ಕೋತಾರೆ. ಮನಸ್ಸಿಗೆ ಇಷ್ಟ ಇದ್ದೂ ಮೈ ಸ್ರವಿಸದೇ ಇರಬಹುದು. ಹೆರಿಗೆಯಾಗಿ ಮಗುವಿಗೆ ಹಾಲು ಕುಡಿಸ್ತಿರೋ ತಿಂಗಳುಗಳಲ್ಲಿ ಈಸ್ಟ್ರೋಜನ್ ಕಡಿಮೆ ಇರುತ್ತೆ, ಆಗ ಯೋನಿ ಒಣಗೋದು ತೀರಾ ಸಾಮಾನ್ಯ. ಮುಟ್ಟು ನಿಲ್ಲೋ ವಯಸ್ಸಿನಲ್ಲೂ ಅಷ್ಟೇ. ಅಲರ್ಜಿಗೆ ತಗೊಳ್ಳೋ ಕೆಲವು ಮಾತ್ರೆ, ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳಿಂದಲೂ ಆಗುತ್ತೆ. ಹಾಗೇ, ಆತುರವೂ ಒಂದು ಕಾರಣ. ಇಬ್ಬರೂ ಬೇರೆ ಬೇರೆ ಊರಲ್ಲಿ ಕೆಲಸ, ಶನಿವಾರ ಭಾನುವಾರ ಮಾತ್ರ ಭೇಟಿ ಅನ್ನೋ ಜೋಡಿಗಳಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಸರಿ, ಲ್ಯೂಬ್ರಿಕೆಂಟ್ ಅಂದ ಕೂಡಲೇ ನಮ್ಮವರ ಕೈ ಹೋಗೋದು ಕೊಬ್ಬರಿ ಎಣ್ಣೆ ಡಬ್ಬಿಗೆ. ಮನೇಲಿ ಇದೆ, ನ್ಯಾಚುರಲ್, ಅಜ್ಜಿ ಕಾಲದಿಂದ ಬಂದಿದ್ದು. ಕಾಂಡೋಮ್ ಬಳಸೋರು ಇಲ್ಲಿ ನಿಲ್ಲಬೇಕು. ಸಾಮಾನ್ಯ ಕಾಂಡೋಮ್ ಲೇಟೆಕ್ಸ್‌ನದು, ಅಂದ್ರೆ ರಬ್ಬರ್ ಮರದ ಹಾಲಿಂದ ಮಾಡಿದ್ದು. ಎಣ್ಣೆ ಯಾವುದೇ ಇರಲಿ, ಲೇಟೆಕ್ಸನ್ನ ಮೆತ್ತಗೆ ಮಾಡುತ್ತೆ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಂಡೋಮಿಗೆ ಮಿನರಲ್ ಆಯಿಲ್ ಸವರಿ ಬರೀ 60 ಸೆಕೆಂಡ್ ಬಿಟ್ಟಿದ್ದಕ್ಕೆ, ಗಾಳಿ ತುಂಬಿದಾಗ ಒಡೆಯದೇ ತಡೆಯೋ ಅದರ ಶಕ್ತಿ ಸುಮಾರು ಶೇಕಡಾ 90ರಷ್ಟು ಇಳಿದುಹೋಗಿತ್ತು. ಮಿನರಲ್ ಆಯಿಲ್ ಅಂದ್ರೆ ಬೇಬಿ ಆಯಿಲಿನ ಮುಖ್ಯ ವಸ್ತು. ಕಣ್ಣಿಗೆ ಹರಿದಿರೋದು ಕಾಣೋದೇ ಇಲ್ಲ, ಅದೇ ಅಪಾಯ. "ಕಾಂಡೋಮ್ ಹಾಕಿದ್ವಿ, ಆದ್ರೂ ಹೇಗಾಯ್ತೋ ಗೊತ್ತಿಲ್ಲ" ಅನ್ನೋ ಕಥೆಗಳಲ್ಲಿ ಕೆಲವಾದ್ರೂ ಎಣ್ಣೆಯ ಕಥೆಗಳೇ ಅಂತ ನನ್ನ ಗುಮಾನಿ.

ಕಾಂಡೋಮ್ ಬಳಸದೇ ಇರೋರಿಗೆ ಕೊಬ್ಬರಿ ಎಣ್ಣೆ ವಿಷ ಏನಲ್ಲ, ಎಷ್ಟೋ ಜನಕ್ಕೆ ಹೊಂದ್ಕೊಳ್ಳುತ್ತೆ. ಆದ್ರೆ ವ್ಯಾಸಲೀನ್ ತರದ ಪೆಟ್ರೋಲಿಯಂ ಜೆಲ್ಲಿಯನ್ನ ಒಳಗೆ ಹಚ್ಚಬೇಡಿ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಹಾಗೆ ಬಳಸ್ತಿದ್ದ ಹೆಂಗಸರಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಸೋಂಕು ಹೆಚ್ಚು ಕಂಡಿತ್ತು. ಎಂಜಲಿನ ಬಗ್ಗೆ ಹೇಳೋದೇನಿಲ್ಲ, ಎರಡು ನಿಮಿಷದಲ್ಲಿ ಒಣಗುತ್ತೆ.

ಇನ್ನು ಅಂಗಡಿಯಲ್ಲಿ ಸಿಗೋದು ಮುಖ್ಯವಾಗಿ ಎರಡು ಬಗೆ. ವಾಟರ್ ಬೇಸ್ಡ್, ಸಿಲಿಕೋನ್ ಬೇಸ್ಡ್. ಮೆಡಿಕಲ್ ಶಾಪಿನಲ್ಲಿ ಕೇಳಿದ್ರೆ ಸಾಮಾನ್ಯವಾಗಿ ಕೊಡೋದು ಮೊದಲನೇದು. ನೀರಿನದು ಹಚ್ಚಿದ ಮೇಲೆ ಅದರಲ್ಲಿರೋ ನೀರು ಆರುತ್ತೆ, ಚರ್ಮ ಹೀರುತ್ತೆ, ಸ್ವಲ್ಪ ಹೊತ್ತಿಗೆ ಅಂಟಂಟು. ಮತ್ತೆ ಹಚ್ಚಬೇಕು. ತೊಳೆಯೋಕೆ ಮಾತ್ರ ಬಲು ಸುಲಭ.

ಸಿಲಿಕೋನಿನದು ಆರೋದೇ ಇಲ್ಲ. ಇದರ ಒಳ್ಳೇದು ಕೆಟ್ಟದ್ದು ಹೆಚ್ಚೂಕಮ್ಮಿ ಎಲ್ಲವೂ ಹುಟ್ಟೋದು ಇದೊಂದೇ ಗುಣದಿಂದ, ಇದನ್ನ ನೆನಪಿಟ್ಟುಕೊಂಡ್ರೆ ಉಳಿದಿದ್ದನ್ನ ನೀವೇ ಊಹಿಸಬಹುದು. ಸಿಲಿಕಾನ್ ಮತ್ತು ಆಕ್ಸಿಜನ್ ಒಂದಾದ ಮೇಲೊಂದು ಪೋಣಿಸಿದ ಉದ್ದನೆ ಸರ, ಅದರ ಪಕ್ಕಗಳಲ್ಲಿ ನೀರನ್ನ ದೂರ ತಳ್ಳೋ ಮೀಥೈಲ್ ಗುಂಪುಗಳು. ನೀರಲ್ಲಿ ಕರಗೋಲ್ಲ, ಗಾಳಿಗೆ ಆರೋಲ್ಲ, ಚರ್ಮದೊಳಗೆ ಇಳಿಯೋಲ್ಲ, ಮೇಲೆ ತೆಳ್ಳಗೆ ಜಾರಿಕೊಂಡು ಕೂತಿರುತ್ತೆ. ಹಾಗಾಗಿ ಕೆಲವೇ ಹನಿ ಸಾಕು.

ಕೆಮಿಕಲ್ ಹೆಸರು ಕೇಳಿ ಗಾಬರಿ ಬೀಳ್ಬೇಡಿ. ಇದರ ಮುಖ್ಯ ವಸ್ತು ಡೈಮೆಥಿಕೋನ್. ನಿಮ್ಮ ಕನ್ನಡಿ ಮುಂದಿರೋ ಹೇರ್ ಸೀರಮ್ ಬಾಟಲಿ ತಿರುಗಿಸಿ ನೋಡಿ, ಅಲ್ಲೂ ಇರುತ್ತೆ. ಗ್ಯಾಸ್ ಆದಾಗ ಕುಡಿಯೋ ಡೈಜೀನ್‌ನಲ್ಲಿರೋ ಸಿಮೆಥಿಕೋನ್ ಇದರದ್ದೇ ಇನ್ನೊಂದು ರೂಪ, ಡೈಮೆಥಿಕೋನ್ ಜೊತೆ ಸಿಲಿಕಾ ಪುಡಿ ಸೇರಿಸಿದ್ದು. ಕಾಂಡೋಮ್ ಬಿಚ್ಚಿದಾಗ ಕೈಗೆ ಹತ್ತೋ ಜಿಡ್ಡೂ ಸಾಮಾನ್ಯವಾಗಿ ಸಿಲಿಕೋನ್ ಆಯಿಲೇ. ಪುಣೆಯಿಂದ ಬೆಂಗಳೂರು ಕಡೆ ಬಸ್ಸಲ್ಲಿ ಹೋಗೋರು ನಿಪ್ಪಾಣಿ ದಾಟಿ ಸಂಕೇಶ್ವರಕ್ಕೆ ಮುಂಚೆ ಕಣಗಲಾ ಅನ್ನೋ ಊರು ಹಾಯ್ತೀರಿ. ಅಲ್ಲಿ ಸರ್ಕಾರಿ ಕಂಪನಿ ಎಚ್‌ಎಲ್‌ಎಲ್‌ನ ಕಾಂಡೋಮ್ ಕಾರ್ಖಾನೆ ಇದೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಕಾಂಡೋಮ್ ತಯಾರಾಗುತ್ತೆ, ನಾವು ಮಾತ್ರ ಮೆಡಿಕಲ್‌ನಲ್ಲಿ ಅದನ್ನ ಪೇಪರ್ ಸುತ್ತಿಸಿಕೊಂಡು ತರ್ತೀವಿ. ಇರಲಿ. ಸಿಲಿಕೋನ್ ಲೇಟೆಕ್ಸನ್ನ ಕೆಡಿಸೋಲ್ಲ, ಅದು ಇಲ್ಲಿ ತಿಳ್ಕೊಳ್ಳಬೇಕಾದ್ದು. ಲೇಟೆಕ್ಸ್ ಅಲರ್ಜಿ ಇರೋರು ಬಳಸೋ ಪಾಲಿಐಸೋಪ್ರೀನ್ ಕಾಂಡೋಮನ್ನೂ ಕೆಡಿಸೋಲ್ಲ. ಹಾಗಂತ ಹೇರ್ ಸೀರಮನ್ನೇ ಹಚ್ಚೋಕೆ ಹೋಗ್ಬೇಡಿ, ಅದರಲ್ಲಿ ಸುಗಂಧ, ಎಣ್ಣೆ ಇನ್ನೇನೇನೋ ಸೇರಿರುತ್ತೆ.

ಸೂಕ್ಷ್ಮ ಚರ್ಮದವರಿಗೆ ಸಿಲಿಕೋನ್ ಒಗ್ಗೋದಕ್ಕೆ ಇನ್ನೊಂದು ಕಾರಣ ಇದೆ. ವಾಟರ್ ಬೇಸ್ಡ್ ಜೆಲ್‌ನಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಜಾಸ್ತಿ ಇದ್ರೆ ಅದು ಉಪ್ಪಿನಕಾಯಿಯ ಉಪ್ಪು ಮಾವಿನಕಾಯಿಯಿಂದ ನೀರು ಎಳೆಯೋ ಹಾಗೆ ಯೋನಿಯ ಒಳಪದರದ ಜೀವಕೋಶಗಳಿಂದ ನೀರು ಎಳೆಯುತ್ತೆ. ಇದನ್ನ ಅಳೆಯೋ ಲೆಕ್ಕಕ್ಕೆ ಆಸ್ಮೊಲಾಲಿಟಿ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2012ರ ಸಲಹೆಯಲ್ಲಿ ಇದು 1200 ದಾಟಬಾರದು, 380ರ ಒಳಗಿದ್ರೆ ಇನ್ನೂ ಒಳ್ಳೇದು ಅಂತ ಹೇಳಿದೆ. ಯೋನಿಗೆ ಬಳಸೋದರ ಪಿಎಚ್ 4.5ರ ಆಸುಪಾಸು ಇರಲಿ ಅಂತಲೂ ಹೇಳಿದೆ. ಎಷ್ಟೋ ಬಾಟಲಿಗಳ ಮೇಲೆ ಈ ಎರಡು ಅಂಕಿ ಹುಡುಕಿದ್ರೂ ಸಿಗೋಲ್ಲ. ಸಿಲಿಕೋನಿನಲ್ಲಿ ನೀರೇ ಇಲ್ಲದ ಕಾರಣ ಈ ಎರಡೂ ಲೆಕ್ಕ ಅದಕ್ಕೆ ಅನ್ವಯಿಸೋಲ್ಲ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯೋದೂ ಕಷ್ಟ, ಹಾಗಾಗಿ ಪ್ಯಾರಾಬೆನ್ ತರದ ಸಂರಕ್ಷಕಗಳ ಅಗತ್ಯ ಬೀಳೋಲ್ಲ.

ಈಗ ಲೇಬಲ್. ಬಾಟಲಿಯ ಮುಂಭಾಗದಲ್ಲಿ ಸಿಲ್ಕಿ, ಪ್ರೀಮಿಯಂ, ನ್ಯಾಚುರಲ್ ಅಂತ ಏನು ಬೇಕಾದ್ರೂ ಬರೆದಿರ್ತಾರೆ. ಹಿಂಭಾಗದ ಇನ್‌ಗ್ರೀಡಿಯಂಟ್ಸ್ ಓದಿ. ಮೊದಲ ಹೆಸರು ಆಕ್ವಾ ಅಥವಾ ವಾಟರ್ ಅಂತಿದ್ರೆ ಅದು ಸಿಲಿಕೋನ್ ಬೇಸ್ಡ್ ಅಲ್ಲ, ಮುಂದೆ ಏನೇ ಬರೆದಿರಲಿ. ನೀರು, ಸಿಲಿಕೋನ್ ಎರಡನ್ನೂ ಬೆರೆಸಿ ಹೈಬ್ರಿಡ್ ಅಂತಲೂ ಮಾರ್ತಾರೆ, ಅದು ಮೂರನೇ ಜಾತಿ. ನಿಜವಾದ ಸಿಲಿಕೋನಿನದರಲ್ಲಿ ಪಟ್ಟಿ ಚಿಕ್ಕದಾಗಿರುತ್ತೆ: ಡೈಮೆಥಿಕೋನ್, ಡೈಮೆಥಿಕೊನಾಲ್, ಸೈಕ್ಲೋಪೆಂಟಾಸಿಲಾಕ್ಸೇನ್, ಕೆಲವೊಮ್ಮೆ ವಿಟಮಿನ್ ಇ. ಇಷ್ಟೇ. ಎರಡರಿಂದ ನಾಲ್ಕು ಹೆಸರು ಇದ್ರೆ ನನಗೆ ಸಮಾಧಾನ, ಹತ್ತು ಇದ್ರೆ ವಾಪಸ್ ಇಟ್ಟುಬಿಡಿ.

ಆ ಮೂರನೇ ಹೆಸರು, ಸೈಕ್ಲೋಪೆಂಟಾಸಿಲಾಕ್ಸೇನ್, ನಿಧಾನವಾಗಿ ಆವಿಯಾಗೋ ಹಗುರ ಸಿಲಿಕೋನ್. ಹಚ್ಚಿದಾಗ ಹಿತವಾಗಿರುತ್ತೆ, ಆದ್ರೆ ಪರಿಸರದಲ್ಲಿ ಬೇಗ ಕೊಳೆಯೋಲ್ಲ ಅನ್ನೋ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಶಾಂಪೂವಿನಂಥ ತೊಳೆದುಹೋಗೋ ಸೌಂದರ್ಯವರ್ಧಕಗಳಲ್ಲಿ ಅದನ್ನ 2020ರಿಂದ ಶೇಕಡಾ 0.1ಕ್ಕಿಂತ ಕಡಿಮೆ ಇರಬೇಕು ಅಂತ ಕಟ್ಟುಮಾಡಿದೆ. ಅದಿಲ್ಲದೆ ಬರೀ ಡೈಮೆಥಿಕೋನ್ ಮತ್ತು ಡೈಮೆಥಿಕೊನಾಲ್ ಇರೋ ಬಾಟಲಿ ಸಿಕ್ಕಿದ್ರೆ ನಾನು ಅದನ್ನೇ ಆರಿಸ್ತೀನಿ.

ವಾರ್ಮಿಂಗ್, ಕೂಲಿಂಗ್, ಸ್ಟ್ರಾಬೆರಿ, ಇವೆಲ್ಲ ನೋವಿರೋರಿಗಲ್ಲ. ಉರಿ ಇರೋ ಜಾಗಕ್ಕೆ ಮೆಂಥಾಲ್ ಹಚ್ಚೋದರಲ್ಲಿ ಏನರ್ಥ? ಲಿಡೊಕೇನ್, ಬೆಂಜೊಕೇನ್ ಇರೋ, ಮರಗಟ್ಟಿಸೋ ಬಗೆಯದಂತೂ ಬೇಡವೇ ಬೇಡ. ನೋವು ಏನೋ ತಪ್ಪಾಗ್ತಿದೆ ಅಂತ ಹೇಳೋ ದೇಹದ ಅಲಾರಂ, ಅದನ್ನ ಮ್ಯೂಟ್ ಮಾಡಿದ್ರೆ ಗಾಯ ಆಗೋದು ಗೊತ್ತೇ ಆಗೋಲ್ಲ. ಹೊಸ ಬಾಟಲಿ ತಂದಾಗ ಮೊದಲು ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಬಿಡಿ. ಕೆಂಪಗಾಗದಿದ್ರೆ ಮುಂದೆ.

ಯಾರು ತಗೋಬಾರದು? ಮನೇಲಿ ಸಿಲಿಕೋನ್ ಟಾಯ್ ಇರೋರು, ಆನ್‌ಲೈನ್‌ನಲ್ಲಿ ಮಸಾಜರ್ ಅನ್ನೋ ಹೆಸರಲ್ಲಿ ಬರುತ್ತಲ್ಲ, ಅದರ ಮೇಲೆ ಇದನ್ನ ಹಚ್ಚಬಾರದು. ಸಿಲಿಕೋನಿಗೆ ಸಿಲಿಕೋನ್ ತಾಗಿದ್ರೆ ಮೇಲ್ಮೈ ಉಬ್ಬಿ, ಅಂಟಂಟಾಗಿ, ಬಿರುಕು ಬಿಡಬಹುದು, ಆ ಬಿರುಕಿನಲ್ಲಿ ಕೊಳೆ ಕೂರುತ್ತೆ. ಮೆನ್‌ಸ್ಟ್ರುಯಲ್ ಕಪ್ ಸಾಮಾನ್ಯವಾಗಿ ಸಿಲಿಕೋನಿನದೇ, ಅದನ್ನ ಹಾಕೋವಾಗಲೂ ವಾಟರ್ ಬೇಸ್ಡ್ ಜೆಲ್ಲೋ ಬರೀ ನೀರೋ ಸಾಕು. ಗಾಜು, ಸ್ಟೀಲಿಗೆ ತೊಂದರೆ ಇಲ್ಲ. ಮಗುವಿಗಾಗಿ ಪ್ರಯತ್ನ ಮಾಡ್ತಿರೋರು ಯಾವ ಲ್ಯೂಬ್ರಿಕೆಂಟನ್ನೂ ಸುಮ್ಮನೆ ತರಬೇಡಿ. ಬಹಳಷ್ಟು ಲ್ಯೂಬ್ರಿಕೆಂಟ್‌ಗಳು ವೀರ್ಯಾಣುವಿನ ಓಟಕ್ಕೆ ಅಡ್ಡಿ. ಫರ್ಟಿಲಿಟಿ ಫ್ರೆಂಡ್ಲಿ ಅಂತ ಬರೆದಿರೋದನ್ನ ಡಾಕ್ಟರ್ ಕೇಳಿ ತಗೊಳ್ಳಿ. ಪ್ಯಾಪ್ ಸ್ಮಿಯರ್ ಪರೀಕ್ಷೆ ಇದ್ರೆ ಅದಕ್ಕೆ ಎರಡು ದಿನ ಮುಂಚೆಯಿಂದ ಯಾವುದೂ ಬೇಡ.

ಗುದ ಸಂಭೋಗ ಮಾಡೋರಿಗೆ, ಗಂಡು ಗಂಡಿನ ಜೋಡಿಗಳೂ ಸೇರಿ, ಲ್ಯೂಬ್ರಿಕೆಂಟ್ ಬೇಕಾದ್ರೆ ಹಾಕೋ ವಸ್ತು ಅಲ್ಲ, ಇರಲೇಬೇಕು. ಅಲ್ಲಿ ಸ್ವಂತ ಸ್ರಾವ ಇಲ್ಲ, ಪದರ ತೆಳು. ಆರದೇ ಇರೋ ಸಿಲಿಕೋನ್ ಅಲ್ಲಿಗೆ ಚೆನ್ನಾಗಿ ಹೊಂದುತ್ತೆ, ಕಾಂಡೋಮ್ ಜೊತೆಗೆ.

ದುಡ್ಡಿನ ಮಾತು. ಬಾಟಲಿ ಬೆಲೆ ನೋಡಿದ್ರೆ ಸಿಲಿಕೋನ್ ದುಬಾರಿ. ಆದ್ರೆ ಜೆಲ್ ಟ್ಯೂಬಿಗೆ ಹೋಲಿಸಿದ್ರೆ ಒಂದು ಸಲಕ್ಕೆ ಬೇಕಾಗೋದು ತೀರ ಕಡಿಮೆ. ಒಗ್ಗುತ್ತೋ ಇಲ್ಲವೋ ನೋಡೋಕೆ ಇರೋದರಲ್ಲೇ ಚಿಕ್ಕ ಬಾಟಲಿ ತರಿಸಿ. ಎಕ್ಸ್‌ಪೈರಿ, ತಯಾರಕರ ಅಥವಾ ಆಮದುದಾರರ ವಿಳಾಸ ಇಲ್ಲದ ಅಗ್ಗದ ಬಾಟಲಿಗಳನ್ನ ದಯವಿಟ್ಟು ಬಿಡಿ.

ತೊಳೆಯೋದು ಸ್ವಲ್ಪ ರಗಳೆ. ಬರೀ ನೀರಿಗೆ ಹೋಗೋಲ್ಲ, ಹೊರಗೆ ಸೋಪು ಬೇಕು. ಒಳಗೆ ಏನೂ ಹಾಕಿ ಉಜ್ಜಬೇಡಿ, ಯೋನಿ ತನ್ನನ್ನ ತಾನೇ ತೊಳ್ಕೊಳ್ಳುತ್ತೆ. ಬೆಡ್‌ಶೀಟ್ ಮೇಲೆ ಎಣ್ಣೆ ಕಲೆಯ ಹಾಗೇ ಕೂರುತ್ತೆ. ಮೆಷಿನ್ನಿಗೆ ಹಾಕೋ ಮುಂಚೆ ಪಾತ್ರೆ ತೊಳೆಯೋ ಲಿಕ್ವಿಡ್ ಹಚ್ಚಿ ಹತ್ತು ನಿಮಿಷ ಬಿಡಿ, ಇಲ್ಲಾಂದ್ರೆ ಹಳೇ ಟವೆಲ್ ಹಾಸ್ಕೊಳ್ಳಿ. ನೀರಲ್ಲೂ ಕೆಲಸ ಮಾಡುತ್ತೆ ಅಂತ ಬಾತ್‌ರೂಮಿನಲ್ಲಿ ಬಳಸೋರು ಹುಷಾರು. ಬಾಡಿಗೆ ಫ್ಲ್ಯಾಟಿನ ನುಣ್ಣನೆ ಟೈಲ್ಸ್ ಮೇಲೆ ನಾಲ್ಕು ಹನಿ ಬಿದ್ರೆ ಮಾರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದೋರು ಜಾರಿ ಬೀಳ್ತಾರೆ. ಊರಿಂದ ಅಪ್ಪ ಅಮ್ಮ ಬಂದಿರೋ ಹೊತ್ತಲ್ಲಂತೂ ಇದನ್ನ ಮರೀಬೇಡಿ.

ಇಷ್ಟೆಲ್ಲ ಆದ್ಮೇಲೂ ಲ್ಯೂಬ್ರಿಕೆಂಟ್ ಔಷಧಿ ಅಲ್ಲ, ಜಾರುವಂತೆ ಮಾಡೋದಷ್ಟೇ ಅದರ ಕೆಲಸ. ಹಚ್ಚಿದ ಮೇಲೂ ನೋವಿದ್ರೆ, ಸಂಭೋಗದ ನಂತರ ರಕ್ತ ಕಂಡ್ರೆ, ವಾಸನೆಯ ಸ್ರಾವ ಇದ್ರೆ, ಒಳಗೆ ಏನೂ ಹೋಗದಷ್ಟು ಸ್ನಾಯು ಬಿಗಿಯಾಗ್ತಿದ್ರೆ ಗೈನಕಾಲಜಿಸ್ಟ್ ಹತ್ರ ಹೋಗಿ. ಆ ಬಿಗಿಗೆ ವಜೈನಿಸ್ಮಸ್ ಅಂತ ಹೆಸರಿದೆ, ಚಿಕಿತ್ಸೆಯೂ ಇದೆ. ಮುಟ್ಟು ನಿಂತ ಮೇಲಿನ ಶುಷ್ಕತೆಗೆ ಈಸ್ಟ್ರೋಜನ್ ಕ್ರೀಮ್ ಕೂಡ ಕೊಡ್ತಾರೆ. ಬಾಯಿ ಬರದಿದ್ರೆ ಫೋನಿನಲ್ಲಿ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಮೊದಲೇ ಟೈಪ್ ಮಾಡಿಟ್ಟುಕೊಂಡು ತೋರಿಸಿ: ಯಾವಾಗಿಂದ, ಹೊರಗೆ ನೋವೋ ಒಳಗೋ, ರಕ್ತ ಬರುತ್ತಾ, ಯಾವ ಮಾತ್ರೆ ತಗೋತಿದೀರಿ. ಡಾಕ್ಟರಿಗೆ ಶುರುಮಾಡೋಕೆ ಅಷ್ಟು ಸಾಕು.