ಯಾರೂ ಯಾರನ್ನೂ ಹಿಂದಿಕ್ಕದ ಮೊನಾಕೊ ಓಟ

ಎಪ್ಪತ್ತೆಂಟು ಸುತ್ತುಗಳ ಕಾರು ಓಟ. ಹೊರಡುವಾಗ ಮೊದಲ ಹತ್ತು ಸ್ಥಾನಗಳಲ್ಲಿ ಯಾರು ಯಾರಿದ್ದರೋ, ಗುರಿ ಮುಟ್ಟುವಾಗಲೂ ಅದೇ ಹತ್ತು ಮಂದಿ, ಅದೇ ಕ್ರಮದಲ್ಲಿ! 2024ರ ಮೇ 26ರಂದು ನಡೆದ ಮೊನಾಕೊ ಗ್ರ್ಯಾನ್ ಪ್ರಿ ಕತೆ ಇದು. 1950ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಶುರುವಾದಂದಿನಿಂದ ಹೀಗೆಂದೂ ಆಗಿರಲಿಲ್ಲ. ಆರನೆಯವರಾಗಿ ಸಾಗುತ್ತಿದ್ದ ಆಗಿನ ವಿಶ್ವ ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪನ್, ತೀರಾ ಬೇಸರವಾಗುತ್ತಿದೆ, ದಿಂಬು ತರಬೇಕಿತ್ತು ಎಂದು ಕಾರಿನೊಳಗಿಂದಲೇ ರೇಡಿಯೊದಲ್ಲಿ ಗೊಣಗಿದರು. ಓಡಿಸುವವರಿಗೇ ಹೀಗಾದರೆ ನೋಡುವವರ ಪಾಡೇನು?

ಟಿ.ವಿ. ಮುಂದೆ ಕುಳಿತ ಅಭಿಮಾನಿಗಳು ಸಿಟ್ಟಾದರು. ಮೊನಾಕೊವನ್ನು ಪಟ್ಟಿಯಿಂದಲೇ ಕೈಬಿಡಿ ಎಂದರು ಕೆಲವರು. ಶನಿವಾರದ ಅರ್ಹತಾ ಸುತ್ತನ್ನು ನೋಡಿ ಭಾನುವಾರ ಬೇರೆ ಕೆಲಸ ನೋಡಿಕೊಳ್ಳುವುದೇ ಮೇಲು ಎಂದರು ಇನ್ನು ಕೆಲವರು. ಮಾತಿನಲ್ಲಿ ನಿಜವಿಲ್ಲದಿಲ್ಲ.

ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಪುಟ್ಟ ಊರಿನ ಬೀದಿಗಳೇ ಇಲ್ಲಿನ ಓಟದ ಹಾದಿ. ಒಂದು ಸುತ್ತು 3.337 ಕಿಲೋಮೀಟರ್. 1929ರಲ್ಲಿ ಮೊದಲ ಓಟ ನಡೆದಾಗಲೂ ಹೆಚ್ಚುಕಡಿಮೆ ಇವೇ ಬೀದಿಗಳು. ಇಲ್ಲಿ ಕಾರು ಓಡಿಸುವುದೆಂದರೆ ಮನೆಯ ಹಜಾರದಲ್ಲಿ ಸೈಕಲ್ ತುಳಿದಂತೆ ಎಂದವರು ಮೂರು ಬಾರಿಯ ಚಾಂಪಿಯನ್ ನೆಲ್ಸನ್ ಪಿಕೆ.

ಆ ದಿನ ಇನ್ನೊಂದು ಎಡವಟ್ಟೂ ಆಯಿತು. ಮೊದಲ ಸುತ್ತಿನಲ್ಲೇ ಹಿಂದಿನ ಸಾಲಿನ ಮೂರು ಕಾರುಗಳು ಡಿಕ್ಕಿಯಾಗಿ ಕೆಂಪು ಬಾವುಟ ಹಾರಿತು. ಒಣ ರಸ್ತೆಯ ಓಟದಲ್ಲಿ ಎರಡು ಬಗೆಯ ಟೈರು ಬಳಸಲೇಬೇಕೆಂಬುದು ನಿಯಮ. ಓಟ ನಿಂತಿದ್ದಾಗಲೇ ಟೈರು ಬದಲಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ! ಮುಂದಿನವರೆಲ್ಲ ಅಲ್ಲೇ ಬದಲಿಸಿಕೊಂಡರು. ಮತ್ತೆ ನಿಲ್ಲುವ ಅಗತ್ಯವೇ ಉಳಿಯಲಿಲ್ಲ. ಟೈರು ಕೊನೆಯವರೆಗೆ ಬಾಳಬೇಕಲ್ಲ, ಮುಂದಿದ್ದವರು ನಿಧಾನವಾಗಿ ಹೋದರು. ಹಿಂದಿದ್ದವರಿಗೆ ದಾಟಲು ಜಾಗವಿಲ್ಲ.

ಹಿಂದೆ ಹೀಗಿರಲಿಲ್ಲ ಎನ್ನುವ ಹಳೆಯ ಅಭಿಮಾನಿಗಳಿಗೆ 1992ನ್ನು ನೆನಪಿಸಬಹುದು. ಆ ವರ್ಷದ ಮೊದಲ ಐದೂ ಓಟ ಗೆದ್ದಿದ್ದ ನೈಜೆಲ್ ಮ್ಯಾನ್ಸೆಲ್, ಕೊನೆಯ ಸುತ್ತುಗಳಲ್ಲಿ ಹೊಸ ಟೈರು ಹಾಕಿಕೊಂಡು ಬಂದರೂ ಐರ್ಟನ್ ಸೆನ್ನಾರನ್ನು ದಾಟಲಾಗಲಿಲ್ಲ. ಸೋತದ್ದು 0.215 ಸೆಕೆಂಡಿನಿಂದ. ಅದನ್ನು ಮಾತ್ರ ಯಾರೂ ಬೇಸರದ ಓಟ ಎನ್ನುವುದಿಲ್ಲ! ಆದರೆ ಆಗಿನ ಕಾರುಗಳು ಗಿಡ್ಡ, ಹಗುರ. 2024ರ ಕಾರುಗಳ ಉದ್ದ ಐದು ಮೀಟರಿಗೂ ಮಿಕ್ಕಿ. ಚಾಲಕನೂ ಸೇರಿ ಕನಿಷ್ಠ ತೂಕ 798 ಕಿಲೋ.

ಇಷ್ಟಾಗಿಯೂ ಆ ಭಾನುವಾರ ಮೊನಾಕೊದವರಿಗೆ ಆಕಳಿಕೆ ಬಂದಂತಿಲ್ಲ. ಗೆದ್ದವರು ಅದೇ ಊರಿನ ಷಾರ್ಲ್ ಲೆಕ್ಲೇರ್. 1931ರಲ್ಲಿ ಲೂಯಿ ಷಿರೋನ್ ಗೆದ್ದ ಮೇಲೆ ಅಲ್ಲಿನವರಾರೂ ಗೆದ್ದಿರಲಿಲ್ಲ. 2021ರಲ್ಲಿ ಮೊದಲ ಸ್ಥಾನ ದೊರೆತರೂ ಕಾರು ಕೆಟ್ಟು ಲೆಕ್ಲೇರ್ ಹೊರಡಲೇ ಇಲ್ಲ. 2022ರಲ್ಲಿ ಮೊದಲಿಗರಾಗಿ ಹೊರಟು ನಾಲ್ಕನೆಯವರಾದರು. ಈ ಬಾರಿ ಕೊನೆಯ ಸುತ್ತುಗಳಲ್ಲಿ, 2017ರಲ್ಲಿ ತೀರಿಹೋದ ತಂದೆ ನೆನಪಾಗಿ ಕಣ್ಣು ಮಂಜಾಯಿತೆಂದು ಅವರೇ ಹೇಳಿಕೊಂಡರು. ರಾಜಕುಮಾರ ಆಲ್ಬರ್ಟ್ ಕೂಡ ಅತ್ತರು. ತೇರು ನೋಡಲು ಬಂದವರು ಯಾರು ಮುಂದೆ, ಯಾರು ಹಿಂದೆ ಎಂದು ಲೆಕ್ಕ ಹಾಕುವುದಿಲ್ಲವಷ್ಟೆ.

ಟಿ.ವಿ. ನೋಡುಗರ ದೂರಿಗೆ 2025ರಲ್ಲಿ ಮದ್ದು ಹುಡುಕಲಾಯಿತು. ಕನಿಷ್ಠ ಎರಡು ಬಾರಿ ಟೈರು ಬದಲಿಸಲೇಬೇಕು ಎಂಬ ನಿಯಮ ಬಂತು. ತಂಡಗಳು ಅದಕ್ಕೂ ಉಪಾಯ ಕಂಡುಕೊಂಡವು. ಒಬ್ಬ ಚಾಲಕ ಬೇಕೆಂದೇ ನಿಧಾನಿಸಿ ಹಿಂದಿನವರನ್ನೆಲ್ಲ ತಡೆಯುವುದು, ಅಷ್ಟರಲ್ಲಿ ಜೊತೆಗಾರ ಟೈರು ಬದಲಿಸಿ ಬರುವುದು! ರೇಸಿಂಗ್ ಬುಲ್ಸ್, ವಿಲಿಯಮ್ಸ್ ತಂಡಗಳು ಹೀಗೆಯೇ ಅಂಕ ಗಳಿಸಿದವು. ವಿಲಿಯಮ್ಸ್ ಕಾರಿನ ಹಿಂದೆ ಸಿಕ್ಕಿಬಿದ್ದು ರೋಸಿಹೋದ ಜಾರ್ಜ್ ರಸೆಲ್, ಕೊನೆಗೆ ತಿರುವಿನಲ್ಲಿ ರಸ್ತೆ ಬಿಟ್ಟು ಅಡ್ಡಹಾಯ್ದು ಮುಂದೆ ಹೋದರು. ದಂಡ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಬಿತ್ತು ಕೂಡ.