ಮಂಗನ ಕಾಯಿಲೆ: ರೋಗಿಯಿಂದಲ್ಲ, ಉಣ್ಣೆಯಿಂದ



1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದುದರಿಂದ ಕಾಯಿಲೆ ಬಂದವರ ಮನೆಯನ್ನು ದೂರ ಇಡಬೇಡಿ, ಆರೈಕೆಗೆ ಹೆದರಬೇಡಿ.

ಈ ವೈರಸ್ ನಮಗೆ ತಗಲುವುದು ಮುಖ್ಯವಾಗಿ ಕಾಡಿನ ಉಣ್ಣೆ ಕಚ್ಚುವುದರಿಂದ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಉದುರಿ ಸುತ್ತಲೂ ಹರಡುತ್ತವೆ. ದನಗಳ ಮೈಗೆ ಹತ್ತಿ, ಕೊಟ್ಟಿಗೆಗೆ ಹಾಸಲು ತರುವ ತರಗೆಲೆಯಲ್ಲಿ ಸೇರಿ ಮನೆಯವರೆಗೂ ಬರುತ್ತವೆ.

ಡಿಸೆಂಬರ್‌ನಿಂದ ಮೇವರೆಗೆ ಎಚ್ಚರ ಹೆಚ್ಚಿರಲಿ. ಮಂಗ ಸತ್ತ ಕಡೆ ದನ ಮೇಯಿಸಬೇಡಿ, ತರಗೆಲೆ ತರಬೇಡಿ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿಕೊಳ್ಳಿ. ಬಂದೊಡನೆ ಸ್ನಾನ ಮಾಡಿ. ಜ್ವರ, ತಲೆನೋವು, ಮೈಕೈ ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.