ಪರಿಷೆಗೆ ಮಕ್ಕಳೊಡನೆ ಹೋಗಿಬನ್ನಿ



ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ನಿಮಗೆಲ್ಲ ತಿಳಿದ ಸಂಗತಿ. ಮಾಗಡಿ, ಕೋಲಾರ, ಚಿಂತಾಮಣಿ, ತುಮಕೂರು ಕಡೆಯ ರೈತರು ಹೊಸ ಫಸಲನ್ನು ತಂದು ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಎರಡು ಮಗ್ಗುಲಲ್ಲಿಯೂ ರಾಶಿ ಹಾಕುತ್ತಾರೆ. ಈ ಸಲ ಬೆಲೆ ಏನು, ಎಷ್ಟು ಸೇರು ಹೋದೀತು ಎಂದು ನಾವು ತಿಂಗಳ ಮೊದಲೇ ಲೆಕ್ಕ ಹಾಕುತ್ತೇವೆ. ಹಾಕದೆ ಬಿಡುವ ಲೆಕ್ಕ ಒಂದುಂಟು. ನಮ್ಮ ಮಕ್ಕಳು ನಮ್ಮ ಕೈ ಹಿಡಿದು ಇಂಥ ಪರಿಷೆಗೆ ಬರುವುದು ಒಟ್ಟು ಎಷ್ಟು ಸಲ?

ಲೆಕ್ಕ ಹೀಗಿದೆ

ಮಗು ಒಂದನೆಯ ತರಗತಿಗೆ ಸೇರುವುದು ಆರನೆಯ ವರ್ಷದಲ್ಲಿ. ಎಸ್.ಎಸ್.ಎಲ್.ಸಿ. ಮುಗಿಸುವುದು ಹದಿನಾರರ ಹೊತ್ತಿಗೆ. ನಡುವೆ ಬರುವ ಕಾರ್ತಿಕ ಮಾಸಗಳು ಹತ್ತೇ ಹತ್ತು. ಇದರಲ್ಲಿ ಒಂದು ವರ್ಷ ಮನೆಯಲ್ಲಿ ಸೂತಕ, ಒಂದು ವರ್ಷ ಮಗುವಿಗೆ ಜ್ವರ, ಇನ್ನೊಂದು ವರ್ಷ ಮಳೆ ಕೈಕೊಟ್ಟು ಕೈಯಲ್ಲಿ ಕಾಸಿಲ್ಲ. ಹೀಗೆ ಕಳೆದರೆ ಉಳಿಯುವುದು ಆರೋ ಏಳೋ. ಅದರಲ್ಲಿಯೂ ಹದಿಮೂರು ದಾಟಿದ ಹುಡುಗನಿಗೆ ಅಪ್ಪನಿಗಿಂತ ಗೆಳೆಯರ ಜೊತೆಯೇ ಹಿತ. ಅದು ಬೆಳವಣಿಗೆಯ ಧರ್ಮ, ತಪ್ಪಲ್ಲ. ಆಮೇಲೆ ಕಾಲೇಜು, ಹಾಸ್ಟೆಲು, ನೌಕರಿ. ಮಗಳಾದರೆ ಮದುವೆಯಾಗಿ ಬೇರೆ ಊರು. ಮುಂದೆಯೂ ಅವರು ಹಬ್ಬಕ್ಕೆ ಬಂದೇ ಬರುತ್ತಾರೆ. ಆದರೆ ರಜೆಯ ದಿನ ಎಣಿಸಿಕೊಂಡು ಬರುತ್ತಾರೆ.

ಮನೆಯ ಅಜ್ಜ ಅಜ್ಜಿಯರ ಲೆಕ್ಕವನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಮೊಮ್ಮಗು ನಡೆಯಬಲ್ಲ, ಅಜ್ಜಿಯೂ ನಡೆಯಬಲ್ಲ ವರ್ಷಗಳು ಇನ್ನೂ ಕಡಿಮೆ. “ಬರುವ ವರ್ಷ ನೋಡೋಣ” ಎಂಬ ಮಾತನ್ನು ಆಡುವ ಮುನ್ನ ಈ ಲೆಕ್ಕ ನೆನಪಿಗೆ ಬರಲಿ.

ಪರಿಷೆಯ ಹಿನ್ನೆಲೆ

ಮಕ್ಕಳಿಗೆ ಹೇಳಲು ಇಲ್ಲಿ ಬೇಕಾದಷ್ಟು ಸಂಗತಿ ಇದೆ. ಇಂದು ನಗರದ ಬಡಾವಣೆಯಾಗಿರುವ ಈ ಜಾಗದ ಸುತ್ತ ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಎಂಬ ಹಳ್ಳಿಗಳಿದ್ದವು. ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ಬಸವವೊಂದು ರಾತ್ರಿ ಬಂದು ಬೆಳೆ ಮೇಯುತ್ತಿತ್ತೆಂದೂ, ರೈತರು ಮೊದಲ ಫಸಲನ್ನು ಅದಕ್ಕೇ ಒಪ್ಪಿಸುವುದಾಗಿ ಹರಕೆ ಹೊತ್ತರೆಂದೂ ಹಿರಿಯರು ಹೇಳುತ್ತಾರೆ. ಗುಡಿಯನ್ನು ಕಟ್ಟಿಸಿದವರು ಕೆಂಪೇಗೌಡರೆಂದು ಪ್ರತೀತಿ. ಒಳಗಿರುವ ಕಲ್ಲಿನ ಬಸವ ಸುಮಾರು ೧೫ ಅಡಿ ಎತ್ತರ, ೨೦ ಅಡಿ ಉದ್ದ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಊರಿನ ಇಕ್ಕಟ್ಟು ತಪ್ಪಿಸಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಹೊಲ ಹೋಯಿತು, ಪರಿಷೆ ಉಳಿಯಿತು.

ನೆನಪು ಉಳಿಯುವ ಬಗೆ

ಮೂರು ವರ್ಷಕ್ಕೆ ಮುಂಚಿನ ಸಂಗತಿ ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ. ಅನಂತರದ್ದರಲ್ಲಿಯೂ ಉಳಿಯುವುದು ವರ್ಷ ವರ್ಷ ಮರಳಿ ಮಾಡಿದ್ದು, ಮನೆಯಲ್ಲಿ ಮತ್ತೆ ಮತ್ತೆ ಮಾತಾಡಿಕೊಂಡದ್ದು. ಆದುದರಿಂದ ದುಬಾರಿ ಪ್ರವಾಸವೇ ಆಗಬೇಕೆಂದಿಲ್ಲ. ಅದೇ ಗುಡಿ, ಅದೇ ಬಿಸಿ ಬೇಯಿಸಿದ ಕಡಲೆಕಾಯಿ, ಅದೇ ಅತ್ತೆಯ ಮನೆಯ ಊಟ ಸಾಕು.

ಹೀಗೆ ಮಾಡಿ ನೋಡಿ

೧. ಸೋಮವಾರ ಶಾಲೆ ಇರುತ್ತದೆ. ಅಂಗಡಿಗಳು ಎರಡು ಮೂರು ದಿನ ಮೊದಲೇ ಕೂಡುತ್ತವೆ. ಹಿಂದಿನ ಭಾನುವಾರವೇ ಮಕ್ಕಳನ್ನು ಕರೆದುಕೊಂಡು ಹೋಗಿ.

೨. ನೀವು ಮಾರಲು ಹೋಗುವವರಾದರೆ ಮಕ್ಕಳನ್ನು ರಾಶಿಯ ಕಾವಲಿಗೆ ಕೂರಿಸಿ ಮರೆಯಬೇಡಿ. ಗಂಟೆ ಎರಡು ಗಂಟೆ ಅಂಗಡಿಯನ್ನು ತಮ್ಮನಿಗೊಪ್ಪಿಸಿ ನೀವೇ ಅವರೊಡನೆ ಸುತ್ತಿಬನ್ನಿ. ಅಷ್ಟು ಹೊತ್ತಿನ ವ್ಯಾಪಾರ ಹೋದರೆ ಮಾರನೆಯ ದಿನ ದಕ್ಕೀತು.

೩. ಪೇಟೆಯ ನೆಂಟರ ಮಕ್ಕಳು ಕಡಲೆ ಗಿಡವನ್ನೇ ಕಂಡಿರುವುದಿಲ್ಲ. ಒಂದು ಗಿಡವನ್ನು ಬೇರು ಸಮೇತ ಕಿತ್ತು ಒಯ್ಯಿರಿ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ದೇಟು ಕೆಳಕ್ಕೆ ಬಾಗಿ ಮಣ್ಣಿಗಿಳಿಯುತ್ತದೆ, ಕಾಯಿ ಕಟ್ಟುವುದು ಅಲ್ಲಿ ಎಂಬುದನ್ನು ನಿಮ್ಮ ಮಗನೋ ಮಗಳೋ ವಿವರಿಸಲಿ. ತನಗೆ ತಿಳಿದದ್ದನ್ನು ಹೇಳಿಕೊಟ್ಟ ದಿನವನ್ನು ಮಗು ಮರೆಯುವುದಿಲ್ಲ.

೪. ಜನಸಂದಣಿ ವಿಪರೀತ. ಫೋನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಗುವಿನ ಜೇಬಿನಲ್ಲಿಡಿ. ಕೈತಪ್ಪಿದರೆ ದೊಡ್ಡ ಗಣಪತಿಯ ಗುಡಿಯ ಬಾಗಿಲಲ್ಲಿ ನಿಲ್ಲಬೇಕೆಂದು ಮೊದಲೇ ಹೇಳಿರಿ. ಬಟ್ಟೆಯ ಕೈಚೀಲ ಒಯ್ಯಿರಿ. ದಣಿವಾದರೆ ಪಕ್ಕದ ಕಹಳೆ ಬಂಡೆಯ ಉದ್ಯಾನದಲ್ಲಿ ಕುಳಿತುಕೊಳ್ಳಬಹುದು. ಮೆಟ್ರೋದಲ್ಲಿ ಬಂದರೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು.

೫. ಫೋನಿನಲ್ಲಿ ಒಂದೆರಡು ಚಿತ್ರ ತೆಗೆದು ಒಳಗಿಡಿ. ಮಗು ಕೇಳುವ ಪ್ರಶ್ನೆಗೆ ಮುಖ ನೋಡಿ ಉತ್ತರ ಕೊಡಿ.

ದೊಡ್ಡ ಮಕ್ಕಳು ಬರಲೊಲ್ಲೆ ಎಂದರೆ ಗದರಬೇಡಿ. “ನಿನ್ನ ಗೆಳೆಯನನ್ನೂ ಕರೆದುಕೊ” ಎನ್ನಿ. ಮನೆಯವರೊಡನೆ ಅರ್ಧ ದಿನ, ಗೆಳೆಯರೊಡನೆ ಅರ್ಧ ದಿನ ಎಂದು ಒಪ್ಪಂದ ಮಾಡಿಕೊಂಡರೆ ಎರಡು ಕಡೆಗೂ ಸಮಾಧಾನ.

ಪರಿಷೆ ತಪ್ಪಿದವರಿಗೆ ಬೇರೆ ಅವಕಾಶಗಳೂ ಉಂಟು. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ಸುಮಾರಿಗೆ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಬೇಸಿಗೆಯ ಆರಂಭದಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, ೧೯೩೯ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವವಿದೆ. ಊರ ಜಾತ್ರೆಯಂತೂ ಮನೆಬಾಗಿಲಿಗೇ ಬರುತ್ತದೆ. ಯಾವುದಾದರೂ ಒಂದನ್ನು ನಿಮ್ಮ ಮನೆಯದೆಂದು ಆರಿಸಿಕೊಂಡು ವರ್ಷ ವರ್ಷ ನಡೆಸಿಕೊಂಡು ಬನ್ನಿ.

ಈ ವರ್ಷ ಕಾರ್ತಿಕದ ಕಡೆಯ ಸೋಮವಾರ ಯಾವ ತಾರೀಖಿಗೆ ಬೀಳುತ್ತದೆಂದು ಇಂದೇ ಪಂಚಾಂಗ ತೆಗೆದು ನೋಡಿ. ಗುರುತು ಹಾಕುವ ಕೆಲಸವನ್ನು ಮನೆಯ ಅತಿ ಚಿಕ್ಕ ಮಗುವಿಗೆ ಕೊಡಿ. ಮರೆಯದಂತೆ ನೆನಪು ಮಾಡುವ ಹೊಣೆಯನ್ನು ಅದೇ ನೋಡಿಕೊಳ್ಳುತ್ತದೆ.